ಕೂಗುವವರ ಪಾಲು

ನನ್ನ ಸೊಂಟದ ಕೀಲು ಬದಲಾಯಿಸಿ ಹದಿನಾಲ್ಕು ತಿಂಗಳಾಗಿತ್ತು. ಆ ಹದಿನಾಲ್ಕು ತಿಂಗಳಲ್ಲಿ ನಾನು ಅತಿ ಹೆಚ್ಚು ಕೇಳಿಸಿಕೊಂಡ ಮಾತು ‘ಆಂಟಿ, ನೀವು ಕೂತ್ಕೊಳ್ಳಿ’ ಎನ್ನುವುದು. ದೇವಸ್ಥಾನವಿರಲಿ, ಯುಗಾದಿ ಊಟವಿರಲಿ, ಯಾರದೋ ಮಗುವಿನ ನಾಮಕರಣವಿರಲಿ, ನಾನು ಬಾಗಿಲು ದಾಟುವುದೇ ತಡ, ಯಾರಾದರೊಬ್ಬರು ಮಡಚುವ ಕುರ್ಚಿ ಹಿಡಿದು ಓಡಿ ಬರುತ್ತಿದ್ದರು. ಮೂವತ್ತೊಂದು ವರ್ಷ ಇಲ್ಲಿಯ ಫೆಡರಲ್ ಸರ್ಕಾರದ ಲ್ಯಾಬೊಂದರಲ್ಲಿ ಬಲ ಅಳೆಯುವ ಉಪಕರಣಗಳನ್ನು ಪರೀಕ್ಷಿಸಿದವಳು ನಾನು. ಕ್ರೇನು ಎಷ್ಟು ಎತ್ತಬಲ್ಲದು, ಸೇತುವೆಯ ಉಕ್ಕಿನ ಹಗ್ಗ ಎಷ್ಟು ತಡೆಯಬಲ್ಲದು ಎಂದು ಹೇಳುವ ಮಾಪಕ ಸರಿಯಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ನನ್ನ ಕೆಲಸವಾಗಿತ್ತು. ಅಂಥವಳ ಕೈಗೆ ಪೇಪರ್ ಪ್ಲೇಟಿನಲ್ಲಿ ಎರಡು ಜಾಮೂನು ಕೊಟ್ಟು ಮೂಲೆಯಲ್ಲಿ ಕೂರಿಸಿದರೆ ಮೈ ಉರಿಯುವುದಿಲ್ಲವೇ?

ಹಾಗೆ ಕೂರಿಸದೆ, ಎದುರು ನಿಂತು ನನ್ನ ಜೊತೆ ವಾದ ಮಾಡುತ್ತಿದ್ದವಳು ಮಧುರಾ ಒಬ್ಬಳೇ. ಮೈಸೂರಿನ ಹುಡುಗಿ. ಹುಡುಗಿ ಅಂದರೂ ಮೂವತ್ತೇಳು ವರ್ಷ. ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಸಂಶೋಧಕಿ. ಜರ್ಮನ್‌ಟೌನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಎರಡು ವರ್ಷದಿಂದ ಇದ್ದಳು. ಬೆಳಗ್ಗೆ ಏಳಕ್ಕೆ ಕಾಫಿಯ ವಾಸನೆ ಕೆಳಗಿಳಿದರೆ ಇವಳು ಮೇಲೆ ಹತ್ತಿ ಬರುತ್ತಿದ್ದಳು. ಕಂಕುಳಲ್ಲಿ ಲ್ಯಾಪ್‌ಟಾಪು, ತಲೆ ತುಂಬ ಹನ್ನೊಂದು ಸಾವಿರ ವರ್ಷ ಹಿಂದಿನ ಕಲ್ಲುಗಳು.

ಆ ಕಲ್ಲುಗಳ ವಿಷಯ ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. ಟರ್ಕಿ ದೇಶದ ಆಗ್ನೇಯ ಮೂಲೆಯಲ್ಲಿ ಗೋಬೆಕ್ಲಿ ಟೆಪೆ ಎಂಬ ಗುಡ್ಡ. ಅದನ್ನು ಅಗೆದರೆ ದುಂಡಗೆ ಕಟ್ಟಿದ ಗೋಡೆಗಳು, ಅವುಗಳ ನಡುವೆ ಎರಡಾಳು ಮೂರಾಳು ಎತ್ತರದ ಸುಣ್ಣಕಲ್ಲಿನ ಕಂಬಗಳು. ಮೈಮೇಲೆ ನರಿ, ಹಾವು, ಚೇಳು, ರಣಹದ್ದುಗಳ ಕೆತ್ತನೆ. ಕೆಲವು ಕಂಬ ಹತ್ತು ಟನ್ ತೂಗುತ್ತವಂತೆ.

‘ಇದನ್ನ ಕಟ್ಟಿದೋರಿಗೆ ಹೊಲ ಇರ್ಲಿಲ್ಲ ಆಂಟಿ’ ಎಂದಳು. ‘ಮಡಕೆ ಇರ್ಲಿಲ್ಲ, ಚಕ್ರ ಇರ್ಲಿಲ್ಲ, ಎತ್ತು ಇರ್ಲಿಲ್ಲ. ಕಬ್ಬಿಣ ಅಂತೂ ಕೇಳಲೇಬೇಡಿ. ಜಿಂಕೆ ಬೇಟೆ ಆಡ್ಕೊಂಡು, ಕಾಡುಗೋಧಿ ಕಿತ್ಕೊಂಡು ಬದುಕ್ತಿದ್ದ ಜನ.’

‘ಮತ್ತೆ ಹೇಗೆ ಎಳೆದ್ರು?’

‘ಅದು ನನ್ನ ಪ್ರಶ್ನೆ.’

‘ಯಾಕೆ ಎಳೆದ್ರು?’

‘ಅದು ಎಲ್ಲರ ಪ್ರಶ್ನೆ’ ಎಂದು ನಕ್ಕಳು.

ನಮಗೆ ಶಾಲೆಯಲ್ಲಿ ಕಲಿಸಿದ ಕ್ರಮ ಬೇರೆ. ಮೊದಲು ಬೇಸಾಯ, ಆಮೇಲೆ ಕಣಜ ತುಂಬ ಕಾಳು, ಕಾಳಿನ ಮೇಲೆ ಒಬ್ಬ ಯಜಮಾನ, ಯಜಮಾನ ಬಂದ ಮೇಲೆ ದೊಡ್ಡ ದೊಡ್ಡ ಕಟ್ಟಡ. ಆ ಗುಡ್ಡದಲ್ಲಿ ಕ್ರಮ ತಲೆಕೆಳಗು. ಕಾಳು ಕೂಡಿಡುವ ಮೊದಲೇ ಕಟ್ಟಡ ಎದ್ದಿದೆ. ಹಾಗಾದರೆ ಯಜಮಾನ? ಅವನು ಇದ್ದನೇ, ಇಲ್ಲವೇ? ಅಲ್ಲಿಗೆ ಬಂದು ನಿಲ್ಲುತ್ತಿತ್ತು ಮಧುರಾಳ ಇಡೀ ವಾದ. ಅಷ್ಟು ಜನರನ್ನು ಸೇರಿಸಿ ಅಷ್ಟು ಭಾರ ಎಳೆಸಬೇಕಾದರೆ ಅಪ್ಪಣೆ ಕೊಡುವವನೊಬ್ಬ ಇರಲೇಬೇಕು ಎಂದು ಅನೇಕ ಪಂಡಿತರು ಹೇಳುತ್ತಾರಂತೆ. ಬೇಕಾಗಿಲ್ಲ, ಯಾರೂ ಯಾರಿಗೂ ಅಪ್ಪಣೆ ಕೊಡದೆ ಜನ ಕಲ್ಲು ಎಳೆಯಬಲ್ಲರು ಎಂದು ಇವಳ ಹಟ. ಆ ಹಟವನ್ನು ಎರಡು ವರ್ಷ ಕೂತು ಬರೆದು, ಮೂರು ವರ್ಷದ ಸಂಶೋಧನೆಗೆ ಅರ್ಜಿ ಹಾಕಿದ್ದಳು.

ಅರ್ಜಿಯನ್ನು ತೂಗಿ ನೋಡಲು ನೇಮಕವಾದವರು ಡಾಕ್ಟರ್ ವಿಟ್‌ಕಾಂಬ್. ಯಜಮಾನ ಇರಲೇಬೇಕು ಎಂದು ಮೂವತ್ತು ವರ್ಷದಿಂದ ಬರೆಯುತ್ತಿರುವವರು. ಆದರೂ ಪ್ರಾಮಾಣಿಕ ಮನುಷ್ಯ ಎಂದು ಮಧುರಾಳೇ ಹೇಳುತ್ತಿದ್ದಳು. ‘ಬರಹ ಬೇಡ, ಎಳೆದು ತೋರಿಸು. ನಾನು ಬಂದು ನೋಡುತ್ತೇನೆ’ ಎಂದರಂತೆ. ಅವರು ಒಪ್ಪಿದರೆ ಮೂರು ವರ್ಷ ಕೆಲಸ. ಒಪ್ಪದಿದ್ದರೆ ಡಿಸೆಂಬರಿಗೆ ಕೆಲಸ ಮುಗಿಯಿತು. ವೀಸಾ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಅಲ್ಲಿಂದ ಅರವತ್ತು ದಿನದಲ್ಲಿ ಗಂಟುಮೂಟೆ. ಕಲ್ಲು ಎರಡು ಟನ್ನು, ದೂರ ಮೂವತ್ತು ಮೀಟರು, ಒಂದು ಹಗಲು. ಜೊತೆಗೆ ಒಂದೇ ಒಂದು ಷರತ್ತು. ಯಾರೂ ಯಜಮಾನಿಕೆ ಮಾಡಬಾರದು.

ಎಳೆಯುವವರು ಬೇಕಲ್ಲ! ವಿದ್ಯಾರ್ಥಿಗಳನ್ನು ಕೇಳಿದರೆ ಆರು ಜನ ಬರುತ್ತೇವೆ ಅಂದರು. ನಾನು ಮಧುರಾಳ ಮುಂದೆಯೇ ವರಲಕ್ಷ್ಮಿಗೆ ಫೋನು ಮಾಡಿದೆ. ಕ್ಲಾರ್ಕ್ಸ್‌ಬರ್ಗಿನ ವರಲಕ್ಷ್ಮಿ ನಮ್ಮ ಕನ್ನಡ ಗುಂಪಿನ ಕಾರ್ಯದರ್ಶಿ. ಅವಳು ಮನಸ್ಸು ಮಾಡಿದರೆ ಸೋಮವಾರ ಬೆಳಗ್ಗೆಯೂ ಐವತ್ತು ಜನರನ್ನು ಹೊರಡಿಸಬಲ್ಲಳು. ‘ಶನಿವಾರ ಕಲ್ಲು ಎಳೆಯೋ ಪ್ರೋಗ್ರಾಂ, ಲಂಚ್ ಪಾಟ್‌ಲಕ್, ಎಲ್ಲರೂ ಏನಾದರೂ ತನ್ನಿ’ ಎಂದು ವಾಟ್ಸಪ್ಪಿನಲ್ಲಿ ಹಾಕಿದಳು. ಸಂಜೆಯೊಳಗೆ ನಲವತ್ತೊಂದು ಹೆಸರು. ಹನ್ನೊಂದು ಜನ ಪುಳಿಯೋಗರೆ ತರುತ್ತೇವೆ ಎಂದು ಬರೆದಿದ್ದರು. ಮೊಸರನ್ನದ ಮುಂದಿನ ಸಾಲು ಖಾಲಿ.

ಅದು ಎರಡು ಸಾವಿರದ ಇಪ್ಪತ್ತಮೂರರ ಅಕ್ಟೋಬರ್. ಕ್ಲಾರ್ಕ್ಸ್‌ಬರ್ಗಿನ ಆಚೆಗಿರುವ ಒಂದು ಫಾರ್ಮಿನ ಇಳಿಜಾರು ಹುಲ್ಲುಗಾವಲು. ಹಿಂದಿನ ದಿನ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ನನ್ನ ಗಂಡ ಮಗನನ್ನು ನೋಡಲು ಶಾರ್ಲೆಟ್ಟಿಗೆ ಹೋಗಿದ್ದರಿಂದ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಬಲಮಾಪಕವನ್ನೂ ಲ್ಯಾಪ್‌ಟಾಪನ್ನೂ ನಾನೇ ಜೋಪಾನವಾಗಿ ಇಟ್ಟುಕೊಂಡು ಹೋದೆ. ಹಗ್ಗಕ್ಕೂ ಕಲ್ಲಿಗೂ ನಡುವೆ ಈ ಮಾಪಕ ಕಟ್ಟಿದರೆ ಯಾವ ಕ್ಷಣದಲ್ಲಿ ಎಷ್ಟು ಎಳೆತ ಬಿತ್ತು ಎಂದು ಪರದೆಯ ಮೇಲೆ ಗೆರೆ ಏಳುತ್ತದೆ. ದಪ್ಪ ಹಲಗೆಯಂತೆ ಉದ್ದಕ್ಕಿದ್ದ ಬೂದು ಕಲ್ಲನ್ನು ಓಕ್ ಮರದ ದಿಮ್ಮಿಗಳ ಚೌಕಟ್ಟಿನ ಮೇಲೆ ಕಟ್ಟಿ ಕೂರಿಸಿದ್ದರು. ನಾನು ಲೆಕ್ಕ ಹಾಕಿಟ್ಟಿದ್ದೆ. ಒದ್ದೆ ಹುಲ್ಲಿನ ಮೇಲೆ ಅದನ್ನು ಅಲ್ಲಾಡಿಸಲು ಸುಮಾರು ಸಾವಿರದ ಇನ್ನೂರು ಕೇಜಿ ಎಳೆತ ಬೇಕು. ಒಬ್ಬೊಬ್ಬರು ನಲವತ್ತು ಕೇಜಿ ಎಳೆದರೆ ಮೂವತ್ತು ಜನ ಸಾಕು. ಬಂದವರು ಮೂವತ್ತೆರಡು ಜನ.

ನಾನು ಕಾರಿನಿಂದ ಇಳಿಯುವಷ್ಟರಲ್ಲಿ ಕುರ್ಚಿ ಬಂತು. ‘ಆಂಟಿ, ನೀವು ಇಲ್ಲಿ ಕೂತ್ಕೊಂಡು ನೋಡಿ, ನೆರಳಿದೆ’ ಎಂದ ಪ್ರಶಾಂತ್. ಅವನು ಸಾಫ್ಟ್‌ವೇರಿನವನು, ಒಳ್ಳೆಯ ಹುಡುಗ. ವಿಡಿಯೋ ಹಿಡಿಯಲು ಮುಕ್ಕಾಲಿಯ ಮೇಲೆ ತನ್ನ ಫೋನು ನಿಲ್ಲಿಸಿದ್ದ. ‘ನಾನು ನೋಡೋಕೆ ಬಂದಿಲ್ಲಪ್ಪ, ಅಳೆಯೋಕೆ ಬಂದಿದೀನಿ’ ಎಂದೆ. ಆದರೂ ಕೂತೆ. ಕೀಲು ನೋಯುತ್ತಿತ್ತು.

ಪ್ರಶಾಂತನ ಪಕ್ಕದಲ್ಲಿ ಅವನ ತಂದೆ ಈರಣ್ಣ ನಿಂತಿದ್ದರು. ಆರು ತಿಂಗಳಿಗೆಂದು ಮಗನ ಮನೆಗೆ ಬಂದವರು. ದೇವನಹಳ್ಳಿ ಕಡೆಯ ಕಲ್ಲುಕುಟಿಗರು. ಅಪ್ಪ, ತಾತ ಎಲ್ಲರದೂ ಅದೇ ಕಸುಬು. ಅರವತ್ತೆಂಟು ವರ್ಷಕ್ಕೂ ಹೆಗಲು ಇಷ್ಟಗಲ. ಕಲ್ಲಿನ ಸುತ್ತ ಒಂದು ಸಲ ನಡೆದು, ಬೆರಳಿನ ಗೆಣ್ಣಿನಿಂದ ಎರಡು ಕಡೆ ತಟ್ಟಿ ನೋಡಿ, ಹಿಂದೆ ಸರಿದು ನಿಂತರು.

ಡಾಕ್ಟರ್ ವಿಟ್‌ಕಾಂಬ್ ಟೂ ಸೆವೆಂಟಿ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಮಧುರಾ ಅವರಿಗೆ ದಾರಿ ಹೇಳಲೆಂದು ಫೋನು ಹಿಡಿದು ಗೇಟಿನ ತನಕ ಹೋದಳು. ಅವಳು ಹೋಗಿ ಬರುವ ಹದಿನೈದು ನಿಮಿಷದಲ್ಲಿ ವರಲಕ್ಷ್ಮಿ ಬ್ಯಾಗಿನಿಂದ ಅರಿಶಿನ ಕುಂಕುಮ ತೆಗೆದಳು. ಇಷ್ಟು ದೊಡ್ಡ ಕೆಲಸವನ್ನು ಸುಮ್ಮನೆ ಶುರು ಮಾಡುವುದು ಹೇಗೆ? ಕಲ್ಲಿನ ಹಣೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಊದುಬತ್ತಿ ಹಚ್ಚಿ, ಕಲ್ಲು ತಂದಿದ್ದ ಟ್ರೇಲರಿನ ಕಬ್ಬಿಣದ ಮೇಲೆ ಕಾಯಿ ಒಡೆದಳು. ಎಲ್ಲರೂ ಕೈ ಮುಗಿದರು. ಕೈ ಮುಗಿಯಲು ಶೂ ಬಿಟ್ಟವರು, ಮತ್ತೆ ಹಾಕಿಕೊಳ್ಳಲಿಲ್ಲ. ಪೂಜೆ ಆದ ಕಲ್ಲನ್ನು ಶೂ ಹಾಕಿಕೊಂಡು ಎಳೆಯುವುದುಂಟೇ! ಆಣೆ ಇಟ್ಟು ಹೇಳುತ್ತೇನೆ, ಮೂವತ್ತೊಂದು ವರ್ಷ ಘರ್ಷಣೆಯ ಲೆಕ್ಕ ಮಾಡಿದ ತಲೆಗೂ ಆ ಕ್ಷಣ ಏನೂ ಹೊಳೆಯಲಿಲ್ಲ. ಕುರ್ಚಿಯಲ್ಲಿ ಕೂತೇ ನನ್ನ ಶೂ ಬಿಚ್ಚಿದೆ.

ಡಾಕ್ಟರ್ ವಿಟ್‌ಕಾಂಬ್ ಬಂದಾಗ ಬೇಲಿಯ ಪಕ್ಕ ಅರವತ್ತಕ್ಕೂ ಹೆಚ್ಚು ಶೂಗಳು ಸಾಲಾಗಿ ನಿಂತಿದ್ದವು. ಉದ್ದನೆಯ ಮುದುಕ, ಬಿಳಿ ಗಡ್ಡ. ನೋಟ್‌ಬುಕ್ ತೆಗೆದು ಅವರು ಮೊದಲು ಬರೆದದ್ದು ಆ ಶೂಗಳ ಬಗ್ಗೆಯೇ. ಮಧುರಾ ಅರಿಶಿನದ ಕಲ್ಲು ನೋಡಿ ತಲೆ ಮೇಲೆ ಕೈ ಹೊತ್ತಳು. ಆದರೆ ಈಗ ಅವಳು ಬಾಯಿ ಬಿಡುವ ಹಾಗಿಲ್ಲ. ‘ನಾನೂ ಯಾರಿಗೂ ಏನೂ ಹೇಳೋ ಹಾಗಿಲ್ಲ. ಕಲ್ಲು ಆ ಕೆಂಪು ಬಾವುಟದ ಹತ್ರ ಹೋಗ್ಬೇಕು, ಅಷ್ಟೇ. ಹೇಗೆ ಅನ್ನೋದು ನಿಮಗೆ ಬಿಟ್ಟಿದ್ದು’ ಎಂದು ಎಲ್ಲರಿಗೂ ಒಂದೇ ಸಲ ಹೇಳಿ, ಬಂದು ನನ್ನ ಪಕ್ಕ ನಿಂತಳು.

ಮೂವತ್ತೆರಡು ಜನ ಮಾಪಕಕ್ಕೆ ಕಟ್ಟಿದ ಎರಡು ಹಗ್ಗ ಹಿಡಿದು ಎಳೆದರು. ಒದ್ದೆ ಹುಲ್ಲಿನ ಮೇಲೆ ಬರಿಗಾಲು ನಿಲ್ಲಬೇಕಲ್ಲ! ಎಳೆದಷ್ಟೂ ಕಲ್ಲಿನ ಬದಲು ಇವರೇ ಕಲ್ಲಿನ ಕಡೆ ಜಾರಿದರು. ಮುಂದಿದ್ದ ಒಬ್ಬರು ಕೂತೇ ಬಿಟ್ಟರು, ಅವರ ಹಿಂದಿದ್ದವರು ಅವರ ಮೇಲೆ. ನನ್ನ ಪರದೆಯಲ್ಲಿ ಗೆರೆ ನಾನೂರ ಎಂಬತ್ತನ್ನು ಮುಟ್ಟಿ ಬಿದ್ದುಹೋಯಿತು. ನಗು, ಕಿರುಚಾಟ. ಆಮೇಲೆ ಶುರುವಾಯಿತು ನಮ್ಮ ಜನರ ಸಹಜ ಸ್ವಭಾವ. ಒಬ್ಬರು ಕಲ್ಲಿನ ಕೆಳಗೆ ಹಾರೆಕೋಲು ಕೊಟ್ಟು ಮೀಟೋಣ ಅಂದರು. ಮತ್ತೊಬ್ಬರು, ಛೆ, ಕುಂಕುಮ ಇಟ್ಟ ಕಲ್ಲಿಗೆ ಕೋಲು ಹಾಕಬಾರದು ಅಂದರು. ಮೂರನೆಯವರು ಯೂಟ್ಯೂಬಿನಲ್ಲಿ ನೋಡಿದ್ದು ಹೇಳಿದರು. ನಾಲ್ಕನೆಯವರು ಸಬ್‌ಕಮಿಟಿ ಮಾಡೋಣ ಅಂದರು. ಯಜಮಾನ ಇರಬಾರದು ಎಂಬ ಷರತ್ತಿಗೆ ಭಂಗವೇನೂ ಬರಲಿಲ್ಲ, ಏಕೆಂದರೆ ಯಾರ ಮಾತನ್ನೂ ಯಾರೂ ಕೇಳುತ್ತಿರಲಿಲ್ಲ.

ಆಗ ಈರಣ್ಣ ಮುಂದೆ ಬಂದರು. ಹೆಗಲ ಟವಲು ತೆಗೆದು, ಬಾಟಲಿಯ ನೀರಿನಲ್ಲಿ ಒದ್ದೆ ಮಾಡಿ, ಕಲ್ಲಿನ ಅರಿಶಿನ ಕುಂಕುಮವನ್ನು ನಿಧಾನವಾಗಿ ಒರೆಸಿದರು. ವರಲಕ್ಷ್ಮಿ ‘ಅಯ್ಯೋ ಅಂಕಲ್!’ ಅಂದಳು.

‘ತಪ್ಪು ತಿಳ್ಕಾಬೇಡ ಕಣಮ್ಮ’ ಎಂದರು ಈರಣ್ಣ. ‘ನೆಟ್ಟು ನಿಲ್ಲೋಗಂಟ ಇದು ಬರೀ ಕಲ್ಲು. ಇದರ ಮ್ಯಾಲೆ ಹತ್ತಬೇಕು, ಒದೀಬೇಕು, ಕೋಲು ಹಾಕಬೇಕು, ಬಾಯಿಗೆ ಬಂದಂಗೆ ಬಯ್ಯಬೇಕು. ನಿಂತ ಮ್ಯಾಲೆ ಕೈ ಮುಗಿ, ಯಾರು ಬ್ಯಾಡ ಅಂದ್ರು? ಈಗ್ಲೇ ದೇವ್ರು ಮಾಡ್ಬುಟ್ರೆ ಮುಟ್ಟೋರ್ಯಾರು?’

ಎಲ್ಲರೂ ಬೇಲಿಯ ಕಡೆ ಹೋಗಿ ಶೂ ಹಾಕಿಕೊಂಡರು. ಮಧುರಾ ಅದನ್ನೆಲ್ಲ ಪಿಸುಮಾತಿನಲ್ಲಿ ವಿಟ್‌ಕಾಂಬರಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಹುಬ್ಬೇರಿಸಿ, ಕಂಬ ಯಾವ ಗಳಿಗೆಯಲ್ಲಿ ಪವಿತ್ರವಾಯಿತು ಎಂದು ತಾವು ಇಷ್ಟು ವರ್ಷ ಕೇಳಿಕೊಂಡೇ ಇರಲಿಲ್ಲ ಎಂದರು. ಇಬ್ಬರೂ ಬರೆದುಕೊಂಡರು. ನನಗೂ ಕುತೂಹಲ ಕೆರಳಿತು. ಆ ಗುಡ್ಡದ ಜನ ನರಿಯನ್ನು ಕೆತ್ತಿದ್ದು ಕಲ್ಲು ಕಿತ್ತ ಜಾಗದಲ್ಲೋ, ನಿಲ್ಲಿಸಿದ ಮೇಲೋ? ಮೊದಲೇ ಕೆತ್ತಿದ್ದರೆ ದಾರಿಯುದ್ದಕ್ಕೂ ಆ ನರಿಗೆ ಪೆಟ್ಟಾಗದ ಹಾಗೆ ಹೇಗೆ ಎಳೆದರು?

ಶೂ ಹಾಕಿ ಎಳೆದಾಗ ಗೆರೆ ಎಂಟುನೂರಕ್ಕೆ ಏರಿತು. ಕಲ್ಲು ಮಾತ್ರ ಅಲ್ಲೇ. ಪರದೆ ನೋಡುತ್ತಿದ್ದ ನನಗೆ ಕಾರಣ ಕಣ್ಣಿಗೆ ಕಟ್ಟಿತು. ಒಂದು ದೊಡ್ಡ ಏರು ಇರಬೇಕಾದ ಕಡೆ ಹತ್ತಾರು ಸಣ್ಣ ಏರುಗಳಿದ್ದವು. ಒಬ್ಬರು ಎಳೆಯುವಾಗ ಇನ್ನೊಬ್ಬರು ಉಸಿರು ಎಳೆದುಕೊಳ್ಳುತ್ತಿದ್ದರು. ಬಲ ಇತ್ತು, ಒಟ್ಟಿಗೆ ಇರಲಿಲ್ಲ. ‘ಬೇರೆ ಬೇರೆ ಟೈಮಿಗೆ ಎಳೀತಿದೀರಿ!’ ಎಂದು ಕೂಗಿದೆ. ಈರಣ್ಣ ಬಂದು ಪರದೆಯ ಮೇಲಿನ ಗರಗಸದಂಥ ಗೆರೆಯನ್ನು ಬಗ್ಗಿ ನೋಡಿದರು.

‘ದನಿ ಬೇಕು’ ಎಂದರು. ‘ಒಬ್ರು ಕೂಗಬೇಕು, ಮಿಕ್ಕೋರು ಆ ದನಿಗೆ ಎಳೀಬೇಕು.’

ನನಗೆ ಗಾಬರಿ. ಕೂಗುವವರು ಎಂದರೆ ಯಜಮಾನ ಎಂದಾಗುವುದಿಲ್ಲವೇ? ಅದನ್ನೇ ಕೇಳಿದೆ. ‘ಅಪ್ಪಣೆ ಅಲ್ಲ ಕಣಮ್ಮಾರೆ ಅದು, ಬರೀ ದನಿ’ ಎಂದು ಈರಣ್ಣ ಮಧುರಾಳನ್ನು ಸ್ವಲ್ಪ ಪಕ್ಕಕ್ಕೆ ಕರೆದು ಏನೋ ಹೇಳಿದರು. ಅವಳು ನನ್ನ ಕಡೆ ಒಮ್ಮೆ ನೋಡಿ, ತಲೆಯಾಡಿಸಿದಳು. ಈರಣ್ಣ ನೇರವಾಗಿ ನನ್ನ ಹತ್ತಿರ ಬಂದು, ‘ಅಮ್ಮಾರೆ, ನೀವೇ ಕೂಗಿ’ ಎಂದರು.

ನಾನು! ಮೂವತ್ತೆರಡು ಜನರ ಎದುರು! ಮುಂದೆ ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗೆರೆ ಓದಬಲ್ಲವಳು ನಾನೊಬ್ಬಳೇ, ತಪ್ಪು ಕಂಡುಹಿಡಿದವಳು ನಾನೇ, ಅಂದಮೇಲೆ ನನ್ನನ್ನಲ್ಲದೆ ಇನ್ಯಾರನ್ನು ಕರೆಯುತ್ತಾರೆ? ಕಸುಬುದಾರನಿಗೆ ಕಸುಬುದಾರರ ಗುರುತು ಸಿಗುತ್ತದೆ ಎಂದುಕೊಂಡೆ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಕೋಲು ಊರಿಕೊಂಡು, ಕಲ್ಲಿನ ಮುಂದೆ ಹೋಗಿ ನಿಂತೆ.

ಈರಣ್ಣ ಎರಡು ಸಲ ಹೇಳಿಕೊಟ್ಟರು. ನಾನು ಒಂದು ಸಾಲು ಹೇಳಬೇಕು, ಅವರು ‘ಐಲೇಸಾ’ ಎನ್ನುತ್ತ ಎಳೆಯಬೇಕು. ಸಾಲು ಯಾವುದಾದರೂ ಆಗಬಹುದು. ನನ್ನ ದನಿ ಚೆನ್ನಾಗಿಲ್ಲ. ಮದುವೆಯಾದ ಹೊಸತರಲ್ಲಿ ಗಂಡ ಒಂದೇ ಸಲ ಹಾಡು ಅಂದಿದ್ದರು. ಆದರೆ ಆವತ್ತು ಎಲ್ಲಿತ್ತೋ ಧೈರ್ಯ.

‘ಹನ್ನೊಂದು ಪುಳಿಯೋಗ್ರೆ!’

‘ಐಲೇಸಾ!’

‘ಮೊಸರನ್ನ ಎಲ್ಲಮ್ಮ!’

‘ಐಲೇಸಾ!’

‘ಟೂ ಸೆವೆಂಟಿ ಟ್ರಾಫಿಕ್ಕು!’

‘ಐಲೇಸಾ!’

ಮೂರನೆಯ ಕೂಗಿಗೆ ಗೆರೆ ಸಾವಿರದ ಮುನ್ನೂರು ದಾಟಿತು. ದಿಮ್ಮಿಗಳು ಕಿರ್ರೆಂದವು. ಕಲ್ಲು ಒಂದು ಗೇಣು ಮುಂದೆ ಬಂತು. ಎಲ್ಲರೂ ಹೋ ಎಂದು ಅರಚಿದರು. ವಿಟ್‌ಕಾಂಬ್ ನೋಟ್‌ಬುಕ್ ಕಂಕುಳಿಗೆ ಸಿಕ್ಕಿಸಿ ಚಪ್ಪಾಳೆ ತಟ್ಟಿದರು. ನಿಜವಾಗಿ ಹೇಳುತ್ತೇನೆ, ನನ್ನ ಮೈಯಲ್ಲಿ ರೋಮಾಂಚನವಾಯಿತು. ಎರಡು ಟನ್ನಿನ ಕಲ್ಲು ಉಸಿರು ಬಿಟ್ಟ ಹಾಗೆ ಅಲ್ಲಾಡಿತ್ತು, ಅದು ಅಲ್ಲಾಡಿದ್ದು ನನ್ನ ದನಿಗೆ.

ಒಂದು ಗಂಟೆ ಕೂಗಿದೆ. ವರಲಕ್ಷ್ಮಿಯ ಮೀಟಿಂಗುಗಳು, ಪ್ರಶಾಂತನ ಹೊಟ್ಟೆ, ಗ್ರೀನ್ ಕಾರ್ಡಿನ ಕ್ಯೂ, ಕಾಸ್ಟ್‌ಕೋದ ಅಕ್ಕಿ ಮೂಟೆ, ಬಾಯಿಗೆ ಬಂದದ್ದೆಲ್ಲ ಸಾಲಾಯಿತು. ಹತ್ತು ಮೀಟರು, ಹದಿನೈದು, ಇಪ್ಪತ್ತು. ಅಲ್ಲಿಂದ ಬಾವುಟಕ್ಕೆ ಎಡಗಡೆಯಿಂದ ಹೋದರೆ ದಾರಿ ಹತ್ತಿರ ಎಂದು ನನಗೆ ಕಂಡಿತು. ‘ಎಡಕ್ಕೆ, ಎಡಕ್ಕೆ ತಿರುಗಿಸಿ!’ ಎಂದು ಕೈ ಬೀಸಿದೆ. ಮುಂದಿದ್ದ ಈರಣ್ಣ ಕೇಳದವರ ಹಾಗೆ ಹಗ್ಗವನ್ನು ಬಲಕ್ಕೆ ಎಳೆದರು. ಅವರ ಹಿಂದಿನವರು ನೆಲ ನೋಡಿಕೊಂಡು ಬಲಕ್ಕೇ ತಿರುಗಿದರು. ‘ಎಡಕ್ಕೆ ಅಂದೆ!’ ಎಂದು ಮತ್ತೆ ಕೂಗಿದೆ. ಯಾರೂ ತಲೆ ಎತ್ತಲಿಲ್ಲ, ಮುಂದಿನ ಸಾಲಿಗೆ ಕಾದು ನಿಂತರು, ಅಷ್ಟೇ. ನನಗೆ ಕೋಪ ನೆತ್ತಿಗೇರಿತು. ಆದರೂ ಸಾಲು ಹೇಳಿದೆ. ಕಲ್ಲು ಬಲಗಡೆಯಿಂದ ಸುತ್ತಿ ಹೋಯಿತು. ಆಮೇಲೆ ನೋಡಿದರೆ ನಾನು ಹೇಳಿದ ಎಡಗಡೆ ಹಿಂದಿನ ದಿನದ ಮಳೆ ನೀರು ಇಂಗಿ ಕೆಸರಾಗಿತ್ತು. ಅಲ್ಲಿ ಇಳಿದಿದ್ದರೆ ಕಲ್ಲು ಹೂತು ಹೋಗುತ್ತಿತ್ತು.

ಒಂದೂಕಾಲಿಗೆ ಕಲ್ಲು ಕೆಂಪು ಬಾವುಟ ಮುಟ್ಟಿತು. ಜನ ಹುಲ್ಲಿನ ಮೇಲೆ ಬಿದ್ದುಕೊಂಡು ನಕ್ಕರು. ನನ್ನನ್ನು ಸುತ್ತುವರಿದು ‘ಸೂಪರ್ ಆಂಟಿ’ ಅಂದರು. ನಾನು ಬೀಗುತ್ತಿದ್ದೆ.

ವಿಟ್‌ಕಾಂಬ್ ನಿಧಾನವಾಗಿ ಹತ್ತಿರ ಬಂದರು. ಗುಂಪಿಗೆ ಒಂದೇ ಪ್ರಶ್ನೆ ಕೇಳುವುದಿದೆ ಎಂದರು. ‘ಈ ಕೆಲಸದಲ್ಲಿ ನಿಮ್ಮ ಮುಖ್ಯಸ್ಥರು ಯಾರಾಗಿದ್ದರು?’

ಮೂವತ್ತು ಕೈಗಳು ನನ್ನ ಕಡೆ ತಿರುಗಿದವು. ‘ವಿದ್ಯಾವತಿ ಆಂಟಿ!’ ಎಂದರು ಒಟ್ಟಿಗೆ. ಪ್ರೀತಿಯಿಂದಲೇ ಹೇಳಿದರು. ನಾನು ನಗುತ್ತ ತಲೆ ಬಾಗಿಸಿದೆ. ಹಾಗೆ ತಲೆ ಎತ್ತಿದಾಗ ಮಧುರಾಳ ಮುಖ ಕಂಡಿತು. ಬಣ್ಣವೇ ಇಳಿದು ಹೋಗಿತ್ತು.

ವಿಟ್‌ಕಾಂಬ್ ಬರೆದುಕೊಂಡರು. ಅವರ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. ‘ಕ್ಷಮಿಸಿ, ಮಧುರಾ. ಎಳೆಯದೆ ಮುಂದೆ ನಿಂತವರು ಒಬ್ಬರು, ಅವರ ದನಿಗೆ ಎಳೆದವರು ಮೂವತ್ತೆರಡು ಜನ. ಅದನ್ನು ನಾನು ಯಜಮಾನಿಕೆ ಎನ್ನುತ್ತೇನೆ. ನೀವು ಏನೆನ್ನುತ್ತೀರಿ?’

ಅವರ ಮಾತು ಅರ್ಥವಾಗದೆ ಈರಣ್ಣ ಮಗನ ಕಡೆ ನೋಡಿದರು. ಪ್ರಶಾಂತ್ ಕನ್ನಡದಲ್ಲಿ ಹೇಳಿದ. ಈರಣ್ಣನಿಗೆ ನಗು ತಡೆಯಲಾಗಲಿಲ್ಲ.

‘ಕೂಗೋರು ಯಜಮಾನ್ರಾ? ಎಲ್ಲಾದ್ರೂ ಉಂಟಾ! ನಮ್ಮ ಗುಂಪಲ್ಲಿ ನಮ್ಮವ್ವ ಕೂಗ್ತಿದ್ಲು. ಅವಳ ಕಾಲ ಮ್ಯಾಲೆ ಕಲ್ಲಿನ ದಿಂಡು ಬಿತ್ತು, ಪಾದ ಜಜ್ಜಿ ಹೋಯ್ತು. ಎಳೆಯೋಕೆ ಆಗ್ತಿರ್ಲಿಲ್ಲ, ಹೊರೋಕೆ ಆಗ್ತಿರ್ಲಿಲ್ಲ. ಅದಕ್ಕೇ ಅವಳಿಗೆ ಕೂಗೋ ಕೆಲ್ಸ ಕೊಟ್ರು. ಯಾರ ಕೈಲಿ ಎಳೆಯಕ್ಕಾಗಲ್ವೋ ಅವ್ರಿಗೇ ಆ ಕೆಲ್ಸ. ಎಳೆಯೋರಿಗೆ ಎಷ್ಟು ಮುದ್ದೆಯೋ ಅವಳಿಗೂ ಅಷ್ಟೇ ಮುದ್ದೆ. ಬಿಟ್ಟಿ ತಿಂತಾಳೆ ಅಂತ ಯಾರೂ ಅನ್ನಬಾರ್ದಲ್ಲ, ಅದಕ್ಕೆ.’

ಹುಲ್ಲಿನ ಮೇಲಿದ್ದವರು ತಮ್ಮ ತಮ್ಮ ಶೂ ದಾರ ಬಿಗಿದುಕೊಳ್ಳತೊಡಗಿದರು. ಯಾರೂ ನನ್ನ ಕಡೆ ನೋಡಲಿಲ್ಲ. ನನ್ನ ಕಿವಿ ಬಿಸಿಯಾಯಿತು. ಆ ಗುಂಪಿನಲ್ಲಿ ಹಾಗೆ ಎಳೆಯಲಾಗದವಳು ಯಾರು ಎಂದು ಪ್ರತ್ಯೇಕ ಹೇಳಬೇಕಾಗಿರಲಿಲ್ಲ. ನನ್ನನ್ನು ಕರೆದದ್ದು ಗೆರೆ ಓದಿದ್ದಕ್ಕಲ್ಲ, ತಪ್ಪು ಕಂಡುಹಿಡಿದದ್ದಕ್ಕಲ್ಲ. ಕುರ್ಚಿ ತಂದುಕೊಟ್ಟವರು ಕಂಡದ್ದನ್ನೇ ಈರಣ್ಣನೂ ಕಂಡಿದ್ದರು.

‘ಅವರು ಏನೆಂದರು?’ ಎಂದು ವಿಟ್‌ಕಾಂಬ್ ಮಧುರಾಳನ್ನು ಕೇಳಿದರು.

ಮಧುರಾ ಬಾಯಿ ತೆರೆದಳು. ನನ್ನ ಕಡೆ ನೋಡಿದಳು. ‘ಇದು ಅವರ ಊರಿನ ಒಂದು ಪದ್ಧತಿ. ಅಂದರೆ ಕೂಗುವವರು...’ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ ನಿಲ್ಲಿಸಿದಳು. ತಾನು ಬರೆದುಕೊಳ್ಳುತ್ತಿದ್ದ ಪುಸ್ತಕ ಎದೆಗೆ ಒತ್ತಿಕೊಂಡು, ‘ನಾನು ಆಮೇಲೆ ಬರೆದು ಕಳಿಸುತ್ತೇನೆ’ ಎಂದಳು.

ಆಮೇಲೆ ಬರೆದದ್ದಕ್ಕೆ ಬೆಲೆಯಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ಬಂದದ್ದು ಕಣ್ಣಾರೆ ನೋಡಲು, ನೋಡಿದ್ದನ್ನು ಬರೆಯಲು. ಅವರ ಪೆನ್ನು ಮುಚ್ಚಿದ ಸದ್ದು ನನಗೆ ಕೇಳಿಸಿತು. ಅದರ ಜೊತೆ ಇವಳ ಮೂರು ವರ್ಷವೂ ಮುಚ್ಚಿಹೋಗುತ್ತಿತ್ತು.

‘ನಾನು ಹೇಳುತ್ತೇನೆ’ ಎಂದೆ ಇಂಗ್ಲಿಷಿನಲ್ಲಿ. ದನಿ ಕೂಗಿ ಕೂಗಿ ಬಿದ್ದುಹೋಗಿತ್ತು. ‘ಅವರ ಗುಂಪಿನಲ್ಲಿ ಎಳೆಯಲಾರದವರಿಗೆ ಕೂಗುವ ಕೆಲಸ ಕೊಡುತ್ತಾರೆ. ಅವರೂ ಊಟಕ್ಕೆ ಎಲ್ಲರ ಸಮ ಕೂರಲಿ ಎಂದು. ಅವರ ತಾಯಿಯ ಕಾಲು ಕಲ್ಲಿನಡಿ ಜಜ್ಜಿತ್ತು. ಇಲ್ಲಿ ಎಳೆಯಲಾರದವಳು ನಾನು. ಅದಕ್ಕೆ ನನ್ನನ್ನು ಕರೆದರು.’

‘ಆದರೆ ಅವರು ನಿಮ್ಮ ಮಾತು ಕೇಳಿದರಲ್ಲ?’

ಅಲ್ಲಿಗೆ ಬಿಡಬಹುದಿತ್ತು. ಬಿಟ್ಟರೆ ತಪ್ಪು ಮಾಪಕಕ್ಕೆ ನಾನೇ ಸರಿ ಎಂದು ತೀರ್ಪು ಕೊಟ್ಟ ಹಾಗೆ. ‘ಪ್ರಶಾಂತ್, ಆ ವಿಡಿಯೋ ತೋರಿಸಪ್ಪ, ಇಪ್ಪತ್ತನೇ ಮೀಟರ್ ಹತ್ರ’ ಎಂದೆ. ಮುಕ್ಕಾಲಿಯ ಮೇಲೆ ಬೆಳಗ್ಗೆಯಿಂದ ಓಡುತ್ತಿದ್ದ ಫೋನನ್ನು ಅವನು ಬಿಚ್ಚಿ ತಂದ. ವಿಟ್‌ಕಾಂಬ್ ಕನ್ನಡಕ ಏರಿಸಿ ಬಗ್ಗಿದರು. ಪುಟ್ಟ ಪರದೆಯಲ್ಲಿ ಒಬ್ಬ ಮುದುಕಿ ಕೋಲು ಎತ್ತಿ ಎಡಕ್ಕೆ ಎಡಕ್ಕೆ ಎಂದು ಕುಣಿಯುತ್ತಿದ್ದಳು. ಮೂವತ್ತೆರಡು ಜನ ಅವಳನ್ನು ಕಣ್ಣೆತ್ತಿಯೂ ನೋಡದೆ ಬಲಕ್ಕೆ ಹೋದರು.

‘ನಾನು ಎರಡು ಸಲ ಅಪ್ಪಣೆ ಕೊಟ್ಟೆ. ಒಬ್ಬರೂ ಕೇಳಲಿಲ್ಲ. ನೆಲ ನೋಡಿ ಅವರವರೇ ತೀರ್ಮಾನ ಮಾಡಿದರು, ಅದೇ ಸರಿಯಾಗಿತ್ತು. ನಾನು ಹೇಳಿದ ಕಡೆ ಕೆಸರಿದೆ, ಹೋಗಿ ನೋಡಿ. ಎಳೆಯುವ ಹೊತ್ತಿನಲ್ಲಿ ನನ್ನನ್ನು ಯಜಮಾನಿ ಎಂದುಕೊಂಡಿದ್ದವಳು ನಾನೊಬ್ಬಳೇ’ ಎಂದೆ.

ವಿಟ್‌ಕಾಂಬ್ ಆ ತುಣುಕನ್ನು ಮೂರು ಸಲ ನೋಡಿದರು. ಎದ್ದು ಹೋಗಿ ಎಡಗಡೆಯ ಕೆಸರಿಗೆ ಬೂಟು ಊರಿದರು, ಹಿಮ್ಮಡಿ ಮುಳುಗಿತು. ವಾಪಸು ಬಂದು ನೋಟ್‌ಬುಕ್ ತೆರೆದು, ಮೊದಲು ಬರೆದ ಸಾಲನ್ನು ಹೊಡೆದು ಹಾಕಿದರು. ‘ದೂರ ನಿಂತವರನ್ನು ಕಂಡ ಕೂಡಲೇ ನಾನು ಯಾಕೆ ದೊರೆ ಎಂದುಕೊಂಡೆ?’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮಧುರಾಳ ಕಡೆ ತಿರುಗಿ, ತಾವು ಪೂರ್ತಿ ಒಪ್ಪಿಲ್ಲ, ಆದರೆ ಈ ಪ್ರಶ್ನೆಗೆ ಮೂರು ವರ್ಷ ಬೇಕೇ ಬೇಕು ಎಂದು ಬರೆಯುವುದಾಗಿ ಹೇಳಿದರು. ಮಧುರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಊಟಕ್ಕೆ ಎಲ್ಲರೂ ಡೇರೆಯ ಕಡೆ ನಡೆದರು. ನಾನು ಹಗ್ಗದಿಂದ ಮಾಪಕ ಬಿಚ್ಚುತ್ತಿದ್ದೆ. ಮಧುರಾ ಬಂದು ಇನ್ನೊಂದು ತುದಿ ಹಿಡಿದಳು.

‘ಬೆಳಗ್ಗೆ ಈರಣ್ಣ ನಿನ್ನನ್ನ ಪಕ್ಕಕ್ಕೆ ಕರೆದು ಹೇಳಿದ್ದು ಇದನ್ನೇನಾ?’ ಎಂದು ಕೇಳಿದೆ.

‘ಹೂಂ.’

‘ಯಾಕೆ ನನ್ನನ್ನ ಕರೀತಿದಾರೆ ಅಂತ ಆಗ್ಲೇ ಗೊತ್ತಿತ್ತಾ ನಿನಗೆ?’

‘ಗೊತ್ತಿತ್ತು ಆಂಟಿ.’

‘ಮತ್ತೆ ಆ ಮನುಷ್ಯ ಕೇಳ್ದಾಗ ಯಾಕೆ ಹೇಳ್ಲಿಲ್ಲ? ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೇ! ಎರಡು ವರ್ಷದ ಕೆಲಸ ಹೋಗ್ತಿತ್ತು. ಊರಿಗೆ ವಾಪಸ್ ಹೋಗ್ಬೇಕಾಗ್ತಿತ್ತು. ಬುದ್ಧಿ ಇದೆಯಾ ನಿನಗೆ?’

ಅವಳು ಮಾಪಕದ ಕೊಂಡಿ ಬಿಚ್ಚಿ, ನನ್ನ ಕೈಯಲ್ಲಿಟ್ಟಳು.

‘ನೀವು ಅಷ್ಟು ಖುಷಿಯಾಗಿದ್ರಿ ಆಂಟಿ’ ಎಂದಳು.